ಬಾಗಿಲ ಹೊರಗೆ ಬಿಟ್ಟ ಬೂಟು

ಹರಿಹರ

ನಾನು ನೋಡಿರುವ ಪರದೇಶ ಜಮೈಕಾ ಒಂದೇ. ಅಲ್ಲಿಯೂ ಸರಿಯಾಗಿ ನೋಡಿದ್ದು ಒಂದು ಮನೆ, ಒಂದು ಅಂಗಡಿ, ಒಂದು ಹಿತ್ತಲು. ಸಮುದ್ರ ಕಾರಿನ ಕಿಟಕಿಯಲ್ಲಿ ಬಂದು ಹೋಯಿತು. ಅಲ್ಲಿ ಏನೇನು ನೋಡಬೇಕು ಎಂದು ಕೇಳುವವರಿಗೆ ನನ್ನಿಂದ ಉಪಯೋಗವಿಲ್ಲ.

ನನ್ನ ತಮ್ಮ ಕೊಟ್ರೇಶಿ ಅಲ್ಲಿದ್ದ. ಹರಿಹರದಲ್ಲಿ ಐಟಿಐ ಓದಿ, ದಾವಣಗೆರೆಯಲ್ಲಿ ಜನರೇಟರ್ ರಿಪೇರಿ ಮಾಡಿಕೊಂಡಿದ್ದವನನ್ನು ಒಂದು ಕಂಪನಿಯವರು ಕರೆಸಿಕೊಂಡಿದ್ದರು. ಮದುವೆ ಬೇಡ ಎನ್ನುತ್ತಲೇ ವರ್ಷ ಕಳೆದಿದ್ದ. ಹೋದ ಮಳೆಗಾಲ ಆ ದ್ವೀಪದ ಮೇಲೆ ಚಂಡಮಾರುತ ಬಂತು. ಗಾಳಿಯಲ್ಲಿ ಅವನಿಗೆ ಏನೂ ಆಗಲಿಲ್ಲ. ಗಾಳಿ ನಿಂತ ಮೇಲೆ ಹಾರಿಬಿದ್ದ ತಗಡುಗಳ ನಡುವೆ ಓಡಾಡುವಾಗ ಕಾಲಿಗೆ ಮೊಳೆ ಚುಚ್ಚಿತು. ಗಾಯ ನಂಜಾಯಿತು. ಸೇತುವೆ ಮುರಿದಿದ್ದರಿಂದ ಆಸ್ಪತ್ರೆಗೆ ದಾರಿ ಇರಲಿಲ್ಲ. ಅವನು ಜ್ವರದಲ್ಲೇ ಹೋದ. ಊರಿಗೆಲ್ಲ ಕರೆಂಟ್ ಇಲ್ಲದೆ ಹೆಣ ಕಾಯ್ದಿಡುವಂತಿರಲಿಲ್ಲ. ಅವನು ಬಾಡಿಗೆಗಿದ್ದ ಮನೆಯ ಒಡತಿ ತಮ್ಮ ಹಿತ್ತಲಿನಲ್ಲಿ, ತಮ್ಮ ಗಂಡನ ಗೋರಿಯ ಪಕ್ಕದಲ್ಲಿ ಮಣ್ಣು ಮಾಡಿಸಿದರು. ನಮಗೆ ಸುದ್ದಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಸುದ್ದಿ ಹೇಳಲು ಬಂದವರನ್ನು ಅವ್ವ ಒಂದೇ ಮಾತು ಕೇಳಿದಳು.

“ಕೈಯಾಗೆ ಲಿಂಗ ಇತ್ತೇನು?”

ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಕೊರಳಲ್ಲಿ ಕಟ್ಟಿಕೊಂಡಿದ್ದ ಲಿಂಗವನ್ನು ಎಡಗೈಯಲ್ಲಿ ಇಡುತ್ತಾರೆ. ಹುಟ್ಟಿದಾಗ ಕಟ್ಟಿದ್ದು ಜೊತೆಗೇ ಹೋಗಬೇಕು. ಮಗನನ್ನು ಪೆಟ್ಟಿಗೆಯಲ್ಲಿ ಮಲಗಿಸಿದರು ಎಂಬುದನ್ನು ಅವ್ವ ಹೇಗೋ ನುಂಗಿಕೊಂಡಳು. ಲಿಂಗದ ಮಾತು ಮಾತ್ರ ಅವಳ ಗಂಟಲಲ್ಲೇ ನಿಂತಿತು. ಊಟಕ್ಕೆ ಕೂತರೂ ಕೇಳುವಳು, ಹಾಲಿನವನು ಬಂದರೂ ಕೇಳುವಳು. ಫೋನಿನಲ್ಲಿ ಕಂಪನಿಯವರನ್ನು ವಿಚಾರಿಸಿದರೆ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ದೇಶದಲ್ಲಿ ಗೋರಿಯ ಮಣ್ಣು ಚೆನ್ನಾಗಿ ಕೂರಲೆಂದು ಬಿಟ್ಟು, ಆಮೇಲೆ ಮೇಲೆ ಸಿಮೆಂಟ್ ಹಾಕುತ್ತಾರಂತೆ. ಆ ದಿನಕ್ಕೆ ಮನೆಯವರೊಬ್ಬರು ಬರಲಿ ಎಂದು ಕಂಪನಿಯವರು ಟಿಕೆಟ್ ಕಳಿಸಿದರು. ನಾನು ಹೊರಟೆ. ದಾವಣಗೆರೆ ಎಸ್.ಎಸ್. ಬಡಾವಣೆಯ ನನ್ನ ಹೊಲಿಗೆ ಅಂಗಡಿಗೆ ಬೀಗ ಹಾಕುವಾಗ ಪಕ್ಕದ ಮನೆಯವರು ಚಾಕಲೇಟ್ ತರಲು ಹೇಳಿದರು. ಯಾತಕ್ಕೆ ಹೋಗುತ್ತಿದ್ದೇನೆಂದು ತಿಳಿದ ಮೇಲೆ, ಬೇಡ ಬಿಡ್ರಿ ಎಂದರು.

ಅವ್ವ ವಿಭೂತಿ ಗಟ್ಟಿ, ಒಣಗಿದ ಬಿಲ್ವಪತ್ರೆ, ಒಂದು ಚೀಲ ಮಂಡಕ್ಕಿ ಕಟ್ಟಿಕೊಟ್ಟಳು. ಮಂಡಕ್ಕಿ ತಿನ್ನುವುದಕ್ಕಲ್ಲ. ಹೆಣ ಒಯ್ಯುವ ದಾರಿಗೆ ನಾವು ಮಂಡಕ್ಕಿ ಎರಚುತ್ತೇವೆ. ಅವನ ದಾರಿಗೆ ಯಾರೂ ಎರಚಿರಲಿಲ್ಲ.

ವಿಮಾನ ನಿಲ್ದಾಣ

ಬೆಂಗಳೂರು, ಲಂಡನ್ ದಾಟಿ ಇಳಿದ ಮೇಲೆ ಚೀಲ ತಪಾಸಣೆಯವರು ನನ್ನನ್ನು ಪಕ್ಕಕ್ಕೆ ನಿಲ್ಲಿಸಿದರು. ವಿಭೂತಿ ಗಟ್ಟಿಯನ್ನು ಮೂಸಿದರು, ಬೆಳಕಿಗೆ ಹಿಡಿದರು, ಒಂದು ನಾಯಿಯನ್ನೂ ಕರೆತಂದರು. ನಾಯಿಗೆ ಆಸಕ್ತಿ ಹುಟ್ಟಲಿಲ್ಲ. ನನ್ನ ಇಂಗ್ಲಿಷ್ ಎಸ್ಸು, ನೋ, ಥ್ಯಾಂಕ್ಯೂ ಅಷ್ಟರಲ್ಲೇ ಮುಗಿಯುತ್ತದೆ. ಗಟ್ಟಿಯ ಮೇಲೆ ಬೆರಳಾಡಿಸಿ ಹಣೆಗೆ ಹಚ್ಚಿಕೊಂಡು ತೋರಿಸಿದೆ. ಆಗ ಮಂಡಕ್ಕಿ ಚೀಲ ತೆಗೆದರು. ಇದನ್ನೂ ಹಣೆಗೆ ಹಚ್ಚುತ್ತೀರಾ ಎನ್ನುವಂತೆ ಆ ಅಧಿಕಾರಿ ನನ್ನ ಮುಖ ನೋಡಿದ. ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಅವನೂ ಒಂದು ಕಾಳು ತಿಂದು, ರುಚಿ ಸಿಗದೆ, ಹೋಗು ಎಂದು ಕೈಮಾಡಿದ. ತಮ್ಮನ ದಾರಿಯ ಮಂಡಕ್ಕಿಯನ್ನು ನಾನೇ ಮೊದಲು ತಿಂದಂತಾಯಿತು.

ಹೊರಗೆ ರುದ್ರೇಶ ಕಾಯುತ್ತಿದ್ದ. ದಾವಣಗೆರೆ ಹತ್ತಿರದ ಲೋಕಿಕೆರೆ ಕಡೆಯವನು, ಕೊಟ್ರೇಶಿಯ ಜೊತೆ ಕೆಲಸಕ್ಕಿದ್ದವನು. ಚಂಡಮಾರುತದ ಹೊತ್ತಿಗೆ ದ್ವೀಪದ ಆ ತುದಿಯ ಊರಿನಲ್ಲಿ ಸಿಕ್ಕಿಹಾಕಿಕೊಂಡಿದ್ದನಂತೆ. ರಸ್ತೆ ತೆರೆದು ಬರುವಷ್ಟರಲ್ಲಿ ಮಣ್ಣಾಗಿತ್ತು. ಕಾರಿನಲ್ಲಿ ಆ ಮಾತನ್ನು ಮತ್ತೆ ಮತ್ತೆ ಹೇಳಿದ. ನಾನು ಅವನನ್ನು ಏನೂ ಕೇಳಿರಲಿಲ್ಲ.

“ಹವಾ ಸರಿ ಇಲ್ರಿ ಅಕ್ಕಾರ. ಇನ್ನೊಂದು ಗಾಳಿ ಬರಾಕ್ ಹತ್ತೈತೆ ಅಂತಾರೆ. ಒಳ್ಳೆ ಟೈಮಿಗೆ ಬಂದ್ರಿ ನೋಡ್ರಿ” ಎಂದ. ಆಕಾಶ ನಮ್ಮ ಕಡೆ ಬೇಸಿಗೆಯಲ್ಲಿ ಇರುವಷ್ಟೇ ನೀಲಿಯಾಗಿತ್ತು.

ಮಿಸ್ ಪರ್ಲ್ ಅವರ ಮನೆ

ಮನೆಯೊಡತಿಯನ್ನು ಎಲ್ಲರೂ ಮಿಸ್ ಪರ್ಲ್ ಎನ್ನುತ್ತಾರೆ. ನನ್ನ ಅವ್ವನ ವಯಸ್ಸು, ಅವ್ವನ ಎರಡರಷ್ಟು ಮೈಕಟ್ಟು. ಬಾಗಿಲಲ್ಲಿ ನಿಂತಿದ್ದವರು ನನ್ನ ಮುಖ ನೋಡುವ ಮೊದಲು ಕಾಲು ನೋಡಿದರು. ನಾನು ಅಭ್ಯಾಸದಂತೆ ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಕಾಲಿಟ್ಟೆ. ಅವರು ನನ್ನನ್ನು ಅಪ್ಪಿಕೊಳ್ಳುತ್ತಿದ್ದವರು ಅರ್ಧಕ್ಕೇ ಬಿಟ್ಟು, ಹೊರಗೆ ಹೋಗಿ, ಆ ಚಪ್ಪಲಿಗಳನ್ನು ಕೈಯಲ್ಲೇ ಎತ್ತಿ ತಂದು ಊಟದ ಮೇಜಿನ ಕೆಳಗಿಟ್ಟರು. ಏನೋ ಜೋರಾಗಿ ಹೇಳಿದರು. ನನಗೆ ಮುಜುಗರವಾಯಿತು. ಏನಂತೆ ಎಂದು ರುದ್ರೇಶನನ್ನು ಕೇಳಿದೆ.

“ಆಮೇಲೆ ಹೇಳ್ತೀನ್ರಿ” ಎಂದು ಅವನು ಬೇರೆ ಕಡೆ ನೋಡಿದ.

ಮನೆ ಆಗಲೇ ಗಾಳಿಗೆ ಸಿದ್ಧವಾಗುತ್ತಿತ್ತು. ಅಡುಗೆಮನೆಯ ಮೂಲೆಯಲ್ಲಿ ಮುಚ್ಚಳದ ನೀಲಿ ಡ್ರಮ್ಮು. ಅದರಲ್ಲಿ ಡಬ್ಬಿ ಮೀನು, ಬಿಸ್ಕತ್ತು, ಬೆಂಕಿಪೊಟ್ಟಣ, ಸೋಪು. ಕುಡಿಯುವ ನೀರಿನ ಕ್ಯಾನುಗಳು ಮಂಚದ ಕೆಳಗೆ. ಹಗ್ಗ, ಗರಗಸ, ಮಚ್ಚು, ತಾಡಪಾಲು ಬಾಗಿಲ ಹಿಂದೆ. ಕಿಟಕಿಗೆ ಬಡಿಯುವ ಪ್ಲೈವುಡ್ ಹಲಗೆಗಳನ್ನು ಗೋಡೆಗೆ ಒರಗಿಸಿದ್ದರು. ಒಂದೊಂದರ ಮೇಲೂ ಯಾವ ಕಿಟಕಿಯದೆಂದು ಬಣ್ಣದಲ್ಲಿ ಬರೆದಿತ್ತು. ಗಾಳಿ ಬರುವುದಕ್ಕಿಂತ ಹೆಚ್ಚಾಗಿ ಅವರು ಗಾಳಿ ಹೋದ ಮೇಲಿನ ದಿನಗಳಿಗೆ ತಯಾರಾಗುತ್ತಿದ್ದರು. ಗಾಳಿ ಒಂದು ಹಗಲು ರಾತ್ರಿಯ ಮಾತು. ಆಮೇಲಿನ ನೀರಿಲ್ಲದ, ಬೆಳಕಿಲ್ಲದ, ದಾರಿಯಿಲ್ಲದ ವಾರಗಳೇ ಜನರನ್ನು ತಿನ್ನುತ್ತವೆ ಎಂದು ರುದ್ರೇಶನ ಬಾಯಲ್ಲಿ ಹೇಳಿಸಿದರು.

ನಮ್ಮ ಹರಿಹರದಲ್ಲೂ ತುಂಗಭದ್ರೆ ಏರುತ್ತಾಳೆ. ಹೊಳೆದಂಡೆಯ ಓಣಿಗಳಿಗೆ ನೀರು ನುಗ್ಗುತ್ತದೆ. ನಾವು ಹೊಸ್ತಿಲಿಗೆ ನೀರು ತಾಗುವವರೆಗೂ ಕಟ್ಟೆಯ ಮೇಲೆ ಕೂತು ಮಾತಾಡುತ್ತಿರುತ್ತೇವೆ. ಆಮೇಲೆ ಟಿವಿ, ಹಾಸಿಗೆ, ಅಕ್ಕಿಡಬ್ಬಿ ಹೊತ್ತುಕೊಂಡು ಶಾಲೆಗೆ ಓಡುತ್ತೇವೆ. ಬ್ಯಾಟರಿ ಎಲ್ಲಿದೆಯೆಂದು ಕತ್ತಲಲ್ಲಿ ಹುಡುಕುತ್ತೇವೆ.

ಹಲಗೆಗಳನ್ನು ನೋಡುತ್ತಿದ್ದಾಗ ಅಡುಗೆಮನೆ ಕಿಟಕಿಯ ಹಲಗೆ ಇಲ್ಲದ್ದು ಕಂಡಿತು. ಕೇಳಿದೆ. ಮಿಸ್ ಪರ್ಲ್ ಹಿತ್ತಲ ಕಡೆ ಕೈ ತೋರಿಸಿದರು. ಕೊಟ್ರೇಶಿಯ ಪೆಟ್ಟಿಗೆಗೆ ಬೇರೆ ಮರ ಸಿಕ್ಕಿರಲಿಲ್ಲವಂತೆ.

ಸಾಮಾನಿನ ಅಂಗಡಿ

ಮರುದಿನ ಬೆಳಿಗ್ಗೆ ಆ ಹಲಗೆಗೆಂದು ಪೇಟೆಗೆ ಹೋದೆವು. ಅಂಗಡಿಯ ಮುಂದೆ ನಮ್ಮ ದಾವಣಗೆರೆಯ ಚೌಕಿಪೇಟೆಯಲ್ಲಿ ಹಬ್ಬದ ಹಿಂದಿನ ದಿನ ಇರುವಂಥ ಗದ್ದಲ. ಆದರೆ ಯಾರೂ ಚೌಕಾಸಿ ಮಾಡುತ್ತಿರಲಿಲ್ಲ. ಜನ ನಗುತ್ತಿದ್ದರು, ಅದೇ ನನಗೆ ಆಶ್ಚರ್ಯ. ಒಬ್ಬ ಮುದುಕ ಕೊನೆಯ ಸೆಲ್ಲುಗಳ ಪೊಟ್ಟಣವನ್ನು ಎದೆಗೆ ಅವುಚಿಕೊಂಡಿದ್ದ. ಹಿಂದಿನ ಹೆಂಗಸು, ನಿನಗೆ ಕಣ್ಣೇ ಕಾಣುವುದಿಲ್ಲ, ನಿನಗೆ ಬೆಳಕು ಯಾಕೆ ಎಂದಳಂತೆ. ನೀನು ಕಾಣದಿರಲಿ ಎಂದೇ ದೀಪ ಆರಿಸುತ್ತೇನೆ, ಅದಕ್ಕೂ ಮೊದಲು ದೀಪ ಬೇಕಲ್ಲ ಎಂದನಂತೆ ಅವನು. ಸಾಲಿಗೆ ಸಾಲೇ ನಕ್ಕಿತು. ಆಮೇಲೆ ಪೊಟ್ಟಣ ಹರಿದು ಅರ್ಧ ಅವಳಿಗೆ ಕೊಟ್ಟ.

ಮಿಸ್ ಪರ್ಲ್ ಹಲಗೆ ಕೇಳುವ ಮೊದಲು ನನ್ನನ್ನು ಒಂದು ಬೆಂಚಿನ ಮೇಲೆ ಕೂರಿಸಿ, ದಪ್ಪ ಅಟ್ಟೆಯ ಬೂಟು ತರಿಸಿ, ತಾವೇ ಬಗ್ಗಿ ನನ್ನ ಕಾಲಿಗೆ ತೊಡಿಸಲು ಶುರುಮಾಡಿದರು. ಹಿರಿಯರ ಕೈಯಿಂದ ಕಾಲು ಹಿಡಿಸಿಕೊಳ್ಳುವುದು ನಮ್ಮಲ್ಲಿ ಇಲ್ಲ. ಬೇಡ ಬೇಡ ಎಂದು ಕಾಲು ಎಳೆದುಕೊಂಡೆ. ಅವರು ಬಿಡಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು.

ಆಗ ರುದ್ರೇಶ ಹೇಳಿದ.

“ಕೊಟ್ರೇಶಿ ಹತ್ರ ಬೂಟ್ ಇದ್ವು ಅಕ್ಕಾರ. ಇಂಥವೇ. ಗಾಳಿ ಹೋದ್ಮೇಲೆ ಬೇಕಾಗ್ತಾವೆ ಅಂತ ಆಯಮ್ಮನೇ ಕೊಡ್ಸಿದ್ರು. ಗಾಳಿಗೆ ಅಂತ ಸಾಮಾನು ತುಂಬಿಟ್ಟ ಬಕೆಟ್ ಇರ್ತೈತಲ್ಲ, ಅದ್ರ ಜೊತಿಗೆ ಒಳಗೆ ಇಟ್ಕೊ ಅಂತ ದಿನಾ ಹೇಳ್ತಿದ್ರಂತೆ. ಬಕೆಟ್ಟಿನಾಗೆ ತಿನ್ನೋದು ಐತೆ, ವಿಭೂತಿ ಐತೆ, ಅದ್ರ ಪಕ್ಕ ಕಾಲಾಗಿನ್ದು ಹೆಂಗೆ ಇಡ್ಲಿ ಅಂತಿದ್ನಂತೆ.”

“ಎಲ್ಲಿ ಇಟ್ಟಿದ್ದ?”

“ಬಾಗ್ಲ ಹೊರಗೆ. ನಮ್ಮೂರಾಗೆ ಬಿಡೋ ಹಂಗೆ. ಗಾಳಿ ಅವನ್ನೇ ಮೊದ್ಲು ಹೊತ್ಕೊಂಡು ಹೋತು. ಮಾರ್ನೆ ದಿನ ಬಚ್ಚಲ ಚಪ್ಪಲಿ ಹಾಕ್ಕೊಂಡು ಜನ್ರಿಗೆ ಜನರೇಟರ್ ಹಚ್ಚಿಕೊಡಾಕೆ ಹೋದ.”

ನಾನು ಬೆಂಚಿನಿಂದ ಏಳಲಿಲ್ಲ. ಮಿಸ್ ಪರ್ಲ್ ಎರಡನೆಯ ಬೂಟಿನ ಲಾಡಿ ಕಟ್ಟಿದರು. ಕಾಲು ಭಾರವಾಯಿತು. ನಮ್ಮ ಮನೆಯ ಹೊಸ್ತಿಲಲ್ಲಿ ಅವ್ವ ಚಿಕ್ಕಂದಿನಲ್ಲಿ ನಮ್ಮಿಬ್ಬರಿಗೂ ಹೇಳುತ್ತಿದ್ದ ಮಾತು ಕಿವಿಯಲ್ಲಿತ್ತು. ಶಾಲೆಯಿಂದ ಬಂದಾಗಲೆಲ್ಲ ಅದೇ ಮಾತು: ಹೊರಗೆ ಬಿಟ್ಟು ಬಾ.

ಬಕೆಟ್

ಆ ಮಧ್ಯಾಹ್ನ ಅವನಿದ್ದ ಕೋಣೆಯನ್ನು ತೋರಿಸಿದರು. ಮಂಚ, ಒಂದು ಕುರ್ಚಿ, ಮುಚ್ಚಳದ ಬಿಳಿ ಬಕೆಟ್. ಅಲ್ಲಿ ಒಬ್ಬೊಬ್ಬರೂ ಇಂಥದೊಂದನ್ನು ಇಟ್ಟುಕೊಳ್ಳುತ್ತಾರೆ, ಓಡುವ ಹೊತ್ತಿಗೆ ಒಂದು ಕೈಯಲ್ಲಿ ಹಿಡಿಯುವಷ್ಟು. ಮಿಸ್ ಪರ್ಲ್ ಅದನ್ನು ನನ್ನ ಮುಂದಿಟ್ಟು ಮುಚ್ಚಳ ತೆಗೆದರು. ಬ್ಯಾಟರಿ, ಸುತ್ತಿಗೆ, ಮಡಚುವ ಸಣ್ಣ ಸಲಿಕೆ, ನೀರಿಗೆ ಹಾಕುವ ಮಾತ್ರೆ, ಕುತ್ತಿಗೆಗೆ ನೇತುಹಾಕಿಕೊಳ್ಳುವ ಸೀಟಿ. ನಾನು ಕಳಿಸಿದ್ದ ಶೇಂಗಾ ಚಟ್ನಿಪುಡಿಯ ಡಬ್ಬಿ. ಅದರ ಮುಚ್ಚಳಕ್ಕೆ ಗಾಳಿ ಹೋಗದಂತೆ ಟೇಪು ಸುತ್ತಿದ್ದ. ತೆಗೆದು ಮೂಸಿದೆ. ಮುಗ್ಗಲು ವಾಸನೆಯ ಕೆಳಗೆ ಇನ್ನೂ ಬೆಳ್ಳುಳ್ಳಿ ಇತ್ತು.

ಎಲ್ಲಕ್ಕಿಂತ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಅದನ್ನು ಬಿಚ್ಚುವಾಗ ಮಿಸ್ ಪರ್ಲ್ ಮುಖ ಅರಳಿತ್ತು. ಕೊನೆಯ ಚೀಲದಿಂದ ಅವನು ಕೊರಳಲ್ಲಿ ಕಟ್ಟಿಕೊಳ್ಳುತ್ತಿದ್ದ ಬೆಳ್ಳಿ ಕರಡಿಗೆ ಬಂತು. ತೆರೆದೆ. ಲಿಂಗ ಒಳಗಿತ್ತು.

ಆಗ ಮನೆಯ ಮಾಡು ಅರ್ಧ ಹಾರಿಹೋಗಿತ್ತಂತೆ, ಸಾಮಾನು ಕದಿಯುವವರು ತಿರುಗುತ್ತಿದ್ದರಂತೆ. ಅಂಥದ್ದರಲ್ಲಿ ಇದನ್ನು ಹಗಲು ರಾತ್ರಿ ಸೊಂಟಕ್ಕೆ ಕಟ್ಟಿಕೊಂಡು ಕಾಯ್ದರಂತೆ, ಅವನ ಜನ ಬಂದರೆ ಕೊಡಬೇಕೆಂದು. ಮಾಡು ಸರಿಯಾದ ಮೇಲಷ್ಟೇ ಬಕೆಟ್ಟಿನಲ್ಲಿಟ್ಟರಂತೆ. ರುದ್ರೇಶ ತಲೆ ತಗ್ಗಿಸಿಕೊಂಡೇ ಇದನ್ನೆಲ್ಲ ಕನ್ನಡದಲ್ಲಿ ಹೇಳಿದ. ಅವನಿಗೂ ಇದು ಗೊತ್ತಿರಲಿಲ್ಲ.

ನಾನು ಥ್ಯಾಂಕ್ಯೂ ಎಂದೆ. ಬೇರೆ ಮಾತು ನನ್ನಲ್ಲಿರಲಿಲ್ಲ. ಅವ್ವನ ಪ್ರಶ್ನೆಗೆ ಉತ್ತರ ನನ್ನ ಅಂಗೈಯಲ್ಲಿತ್ತು. ಆ ಉತ್ತರವನ್ನು ಮನೆಗೆ ಒಯ್ಯಲು ನನಗೆ ಧೈರ್ಯವಿರಲಿಲ್ಲ.

ಗಾಳಿ ಬರುವ ಮೊದಲೇ ಗೋರಿಗೆ ಸಿಮೆಂಟ್ ಹಾಕಬೇಕು, ಇಲ್ಲದಿದ್ದರೆ ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ. ಮೇಸ್ತ್ರಿ ಮರುದಿನ ಬೆಳಿಗ್ಗೆ ಬರುವವನಿದ್ದ. ಆಮೇಲೆ ಕೊಟ್ರೇಶಿಯ ಬಳಿಗೆ ದಾರಿ ಇರುವುದಿಲ್ಲ.

“ಇದು ಅವನ ಜೊತಿಗೇ ಹೋಗ್ಬೇಕಿತ್ತು ಅಂತ ಹೇಳಾಣೇನ್ರಿ ಆಯಮ್ಮಗೆ?” ಎಂದು ರುದ್ರೇಶ ಹಿತ್ತಲಲ್ಲಿ ಕೇಳಿದ. “ಎದಿ ಒಡಕೊಂತಾರೆ ಅವ್ರು.”

ಹೌದು, ಒಡೆದುಕೊಳ್ಳುತ್ತಾರೆ. ತಮ್ಮ ಕಿಟಕಿಯ ಹಲಗೆ ಕೊಟ್ಟವರು, ಗಂಡನ ಪಕ್ಕದ ಜಾಗ ಕೊಟ್ಟವರು. ಅದು ತಮಗೇ ಎಂದು ಇಟ್ಟುಕೊಂಡ ಜಾಗ. ಅವರಿಗೆ ಏನೂ ಹೇಳದೆ ಬರಬಹುದಿತ್ತು. ಲಿಂಗವನ್ನು ತಂದು ನಮ್ಮೂರ ಹತ್ತಿರದ ಉಕ್ಕಡಗಾತ್ರಿಯಲ್ಲಿ ಹೊಳೆಗೆ ಬಿಡಬಹುದಿತ್ತು. ಅಥವಾ ನನ್ನ ಹತ್ತಿರವೇ ಇಟ್ಟುಕೊಳ್ಳಬಹುದಿತ್ತು. ಆ ಆಸೆ ಇರಲಿಲ್ಲ ಎನ್ನಲಾರೆ. ಅವನ ಮೈಗೆ ತಾಗಿದ್ದು ಬೇರೇನೂ ಉಳಿದಿರಲಿಲ್ಲ.

ಹಿತ್ತಲು

ಬೆಳಿಗ್ಗೆ ಮೇಸ್ತ್ರಿ ಮರಳು ಸಿಮೆಂಟ್ ಕಲೆಸಲು ಶುರುಮಾಡಿದ. ಆಕಾಶ ಒಂದು ಕಡೆಯಿಂದ ಬೂದುಬಣ್ಣಕ್ಕೆ ತಿರುಗುತ್ತಿತ್ತು. ಕೋಳಿಗಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಗೋರಿ ಒಂದು ಮಣ್ಣಿನ ದಿಬ್ಬ, ಸುತ್ತ ಕಲ್ಲು. ನಾನು ಮಂಡಕ್ಕಿ ಎರಚಿದೆ. ಕೋಳಿಗಳು ಓಡಿಬಂದು ತಿಂದವು. ಓಡಿಸಲು ಹೋದ ಮಿಸ್ ಪರ್ಲ್ ಅವರನ್ನು ಕೈಹಿಡಿದು ನಿಲ್ಲಿಸಿದೆ. ನಮ್ಮೂರಲ್ಲಿ ದನ ತಿನ್ನುತ್ತವೆ.

ಮೇಸ್ತ್ರಿ ಮೊದಲ ಬುಟ್ಟಿ ಎತ್ತಿದಾಗ ನನಗೆ ತಡೆಯಲಾಗಲಿಲ್ಲ. ಬೂಟು ಬಿಚ್ಚಿಟ್ಟು, ಅಲ್ಲೇ ನೆಲದ ಮೇಲೆ ಕಾಲು ಮಡಚಿ ಕೂತೆ. ಬೆನ್ನು ನೆಟ್ಟಗೆ ಮಾಡಿ, ಎಡಗೈಯನ್ನು ಎದೆಯ ಮುಂದೆ ಹಿಡಿದು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚಿದೆ. ನಮ್ಮವರನ್ನು ಹೀಗೆ ಕಳಿಸುತ್ತೇವೆ ಎಂದು ಹೇಳು ಎಂದೆ ರುದ್ರೇಶನಿಗೆ. ಅವನು ಹೇಳಿದ.

ಕಣ್ಣು ಬಿಟ್ಟಾಗ ಮಿಸ್ ಪರ್ಲ್ ನನ್ನೆದುರು ನೆಲದಲ್ಲಿ ಕೂತಿದ್ದರು. ಅಷ್ಟು ಭಾರದ ಮೈ ಹೇಗೆ ಇಳಿಸಿಕೊಂಡರೋ. ನಿಧಾನವಾಗಿ ಏನೋ ಹೇಳಿದರು. ಏನಂತೆ ಎಂದು ರುದ್ರೇಶನನ್ನು ಎರಡು ಸಲ ಕೇಳಬೇಕಾಯಿತು.

“ಕೈಯಾಗೇ ಇತ್ತಂತ್ರಿ ಅಕ್ಕಾರ” ಎಂದ. “ಕೊನಿಗೆ ಮಲಗಾಕ ಒಲ್ಲೆ ಅಂದ್ನಂತೆ. ಗೋಡಿಗೆ ಒರಗಿ ಕುಂತ್ನಂತೆ. ನೀವು ಈಗ ಕುಂತ್ರಲ್ಲ, ಹಂಗೇ. ಎಡಗೈಯಾಗೆ ಆ ಕಲ್ಲು ಹಿಡ್ಕೊಂಡಿದ್ನಂತೆ. ಪ್ರಾಣ ಹೋದ್ಮೇಲೆ ಅದು ಕಳೆದುಹೋಗಬಾರ್ದು ಅಂತ ಇವ್ರೇ ಬೆರಳು ಬಿಡ್ಸಿ ತಗೊಂಡ್ರಂತೆ. ಭಾಳ ಗಟ್ಟಿ ಹಿಡಿದಿದ್ನಂತೆ.”

ಮಿಸ್ ಪರ್ಲ್ ತಮ್ಮ ಎರಡೂ ಕೈಗಳನ್ನು ನೋಡಿಕೊಳ್ಳುತ್ತಿದ್ದರು.

ಆಮೇಲೆ ಅವರೇ ಎದ್ದರು. ಮೇಸ್ತ್ರಿಯ ಬುಟ್ಟಿ ಕೆಳಗಿಡಿಸಿದರು. ಮಳೆ ಬರುತ್ತದೆ, ಸಿಮೆಂಟ್ ಹಾಳಾಗುತ್ತದೆ ಎಂದು ಅವನು ಗೊಣಗಿದ್ದಕ್ಕೆ ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದರು. ಕೊಟ್ರೇಶಿಯ ಬಕೆಟ್ಟಿನಿಂದ ಸಣ್ಣ ಸಲಿಕೆ ತಂದು ಬಿಡಿಸಿ ನನ್ನ ಕೈಗೆ ಕೊಟ್ಟರು. ಪೆಟ್ಟಿಗೆಯಲ್ಲಿ ಅವನನ್ನು ಮಲಗಿಸಿದವರು ಅವರೇ. ಎದೆ ಎಲ್ಲಿ ಬರುತ್ತದೆಂದು ಅಳೆದು ತೋರಿಸಿದರು. ಅಗೆಯುವ ಮೊದಲು ನನ್ನ ಬೂಟುಗಳನ್ನು ಕಾಲ ಬಳಿ ತಂದಿಟ್ಟರು. ನಾನು ಹಾಕಿಕೊಂಡೆ. ಗೋರಿಯ ಮೇಲೆ ಬೂಟುಗಾಲಲ್ಲಿ ನಿಂತದ್ದನ್ನು ಅವ್ವ ನೋಡಿದ್ದರೆ ಏನೆನ್ನುತ್ತಿದ್ದಳೋ.

ಒಂದು ತೋಳುದ್ದ ಅಗೆದೆ. ಅದಕ್ಕೂ ಕೆಳಗೆ ಹೋಗುವ ಧೈರ್ಯವಾಗಲಿಲ್ಲ. ವಿಭೂತಿ ಪುಡಿಮಾಡಿ ಹಾಕಿ, ಪತ್ರೆ ಹಾಸಿದೆ. ಮಂತ್ರ ಹೇಳಲು ಅಯ್ಯನವರಿರಲಿಲ್ಲ. ಬಾಯಿಗೆ ಬಂದದ್ದು ಅವನ ಹೆಸರು ಮಾತ್ರ. ಲಿಂಗವನ್ನು ಮಿಸ್ ಪರ್ಲ್ ಅಂಗೈಯಲ್ಲಿಟ್ಟೆ. ಅವರು ಹಿಂದೆ ಸರಿದರು. ಅನ್ಯರ ಕೈ ಎಂದು ನಮ್ಮಲ್ಲಿ ಆಡಿಕೊಳ್ಳುವವರು ಇರಬಹುದು. ಅವನ ಕೊನೆಯ ನೀರನ್ನೂ ಕುಡಿಸಿದ್ದು ಅದೇ ಕೈ. ತೆಗೆದವರೇ ಇಡಲಿ ಎಂದೆ. ಅವರು ಮೊಣಕಾಲೂರಿ, ತೋಳನ್ನು ಪೂರ್ತಿ ಒಳಗೆ ಇಳಿಸಿ, ಇಟ್ಟರು. ಕೈ ಹೊರಗೆ ತೆಗೆಯಲು ತಡಮಾಡಿದರು.

ಸಿಮೆಂಟ್ ಹಾಕಿ ಮೇಲೆ ತಾಡಪಾಲು ಕಟ್ಟುವಷ್ಟರಲ್ಲಿ ಮಳೆ ಹನಿಯಿತು. ಕಿಟಕಿಗಳಿಗೆ ಹಲಗೆ ಬಡಿದೆವು. ಅಡುಗೆಮನೆಯ ಹೊಸ ಹಲಗೆಗೆ ಮೊಳೆ ಹೊಡೆದದ್ದು ನಾನು. ಎರಡು ದಿನ ಆ ಕತ್ತಲ ಮನೆಯಲ್ಲಿ ರೇಡಿಯೋ ಕೇಳುತ್ತ ಕೂತೆವು. ಮಳೆ ಬಿರುಸಾಗಿ ಹೊಡೆಯಿತು, ಒಂದು ಮರ ಬಿತ್ತು. ಅಷ್ಟೇ. ಗಾಳಿ ಪಕ್ಕಕ್ಕೆ ತಿರುಗಿ ಬೇರೆ ದ್ವೀಪದ ಮೇಲೆ ಹೋಯಿತೆಂದು ರೇಡಿಯೋ ಹೇಳಿತು. ರುದ್ರೇಶ ಕೈಮುಗಿದ. ಮಿಸ್ ಪರ್ಲ್ ಸಂತೋಷಪಡಲಿಲ್ಲ. ಯಾರದೋ ಮನೆಗೆ ಹೋಯಿತಲ್ಲ ಎಂದು ರೇಡಿಯೋ ಆರಿಸಿದರು. ಡ್ರಮ್ಮಿನ ಮುಚ್ಚಳ ತೆಗೆಯಲೂ ಇಲ್ಲ.

ಮತ್ತೆ ಹರಿಹರ

ನಾನು ಬಂದಾಗ ಹೊಳೆ ತುಂಬಿ ಹರಿಯುತ್ತಿತ್ತು. ಮೇಲಿನ ಡ್ಯಾಮಿನಿಂದ ನೀರು ಬಿಟ್ಟಿದ್ದರು. ಓಣಿಯವರು ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಬಿಳಿ ಬಕೆಟ್ ಹಿಡಿದು, ಬೂಟು ಹಾಕಿಕೊಂಡು ಇಳಿದ ನನ್ನನ್ನು ನೋಡಿ, ಗೌರಕ್ಕ ಮಿಲ್ಟ್ರಿಗೆ ಸೇರಿ ಬಂದ್ಲೇನು ಎಂದು ಯಾರೋ ಅಂದರು. ಬೂಟನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಹೋದೆ. ಕಾಲು ಕಲಿತದ್ದು ಅದೇ.

ಅವ್ವ ಕೇಳುವ ಮೊದಲೇ ಹೇಳಿದೆ. ಅವನು ಗೋಡೆಗೆ ಒರಗಿ ಕೂತದ್ದು, ಕೈಯಲ್ಲಿ ಲಿಂಗ ಇದ್ದದ್ದು, ಅದನ್ನು ತೆಗೆದದ್ದು, ಮತ್ತೆ ಇಟ್ಟದ್ದು. ಯಾರು ಇಟ್ರು ಎಂದಳು. ಆಯಮ್ಮನೇ ಎಂದೆ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಇವತ್ತು ಒಂದು ತುತ್ತು ಜಾಸ್ತಿ ಹಾಕು ಎಂದು ತಟ್ಟೆ ಎಳೆದುಕೊಂಡಳು.

ಬೂಟಿನ ಮಾತನ್ನು ಹೇಳಬಾರದೆಂದು ವಿಮಾನದಲ್ಲೇ ನಿಶ್ಚಯಿಸಿದ್ದೆ. ಅವ್ವ ಉಣ್ಣುತ್ತ ಉಣ್ಣುತ್ತ ತಾನಾಗಿಯೇ ಅಲ್ಲಿಗೆ ಬಂದಳು.

“ಮೊಳಿ ಚುಚ್ಚೋವಾಗ ಕಾಲಾಗೆ ಏನಿತ್ತು?”

“ಬಚ್ಚಲ ಚಪ್ಪಲಿ.”

“ನಿನ್ನವು ಅದಾವಲ್ಲ, ಅಂಥ ಬೂಟ್ ಇರ್ಲಿಲ್ಲೇನು ಅವ್ನ ಹತ್ರ?”

“ಇದ್ವು.”

“ಮತ್ತೆ ಎಲ್ಲಿ ಬಿಟ್ಟಿದ್ದ?”

ನಾನು ಸಾರಿನ ಸೌಟು ಹಿಡಿದು ನಿಂತೆ. ಹೊರಗೆ ಮಳೆ ಶುರುವಾಗಿತ್ತು. ಅವ್ವ ನನ್ನ ಮುಖ ನೋಡಿದಳು. ಆಮೇಲೆ ತೆರೆದ ಬಾಗಿಲ ಕಡೆ ನೋಡಿದಳು. ಹೊಸ್ತಿಲಾಚೆ ನನ್ನ ಬೂಟುಗಳು ಮಳೆಯಲ್ಲಿ ನೆನೆಯುತ್ತಿದ್ದವು. ಅವಳ ಕೈ ತಟ್ಟೆಯಲ್ಲಿ ನಿಂತಿತು.

ಕೈ ತೊಳೆದುಕೊಂಡು ಎದ್ದಳು. ಹೊರಗೆ ಹೋಗಿ ಎರಡನ್ನೂ ಎತ್ತಿಕೊಂಡು ಬಂದು ಮಡಿಲಲ್ಲಿಟ್ಟುಕೊಂಡು ಕೂತಳು. ಅಟ್ಟೆಯ ಗೀರುಗಳಲ್ಲಿ ಆ ಹಿತ್ತಲ ಕೆಂಪು ಮಣ್ಣು ಇನ್ನೂ ಕಚ್ಚಿಕೊಂಡಿತ್ತು. ಅದನ್ನು ಉಗುರಿನಿಂದ ಬಿಡಿಸಿ ಬಿಡಿಸಿ ಒಂದು ತಟ್ಟೆಗೆ ಹಾಕಿದಳು. ಮುಗಿದ ಮೇಲೆ ಸೆರಗಿನಿಂದ ಬೂಟು ಒರೆಸಿದಳು.

“ಆ ಬಕೆಟ್ ಎಲ್ಲಿಟ್ಟಿ?” ಎಂದು ಕೇಳಿದಳು.

ದೇವರ ಗೂಡಿನ ಕೆಳಗೆ ಇಟ್ಟಿದ್ದೆ. ಅವ್ವ ಅಲ್ಲಿಗೆ ಹೋಗಿ, ಬೂಟುಗಳನ್ನು ಅದರ ಪಕ್ಕ ಜೋಡಿಸಿಟ್ಟಳು.